ಕೂವೆಕಂಬದ ಹುರಿ

ಚನ್ನವೀರನಿಗೆ ಅವಸರ ಹುಟ್ಟುಗುಣ. ಆ ಅವಸರವೇ ಅವನನ್ನು ಎರಡು ಮಠಗಳಿಂದ ಹೊರಗೆ ಹಾಕಿಸಿತ್ತು. ಒಂದರಲ್ಲಿ, ಗುರುಗಳು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿದ. ಇನ್ನೊಂದರಲ್ಲಿ, ದಾಸೋಹದ ಅನ್ನ ಬೇಯುವ ಮೊದಲೇ ಬಸಿದ. ನೂರು ಜನ ಅಕ್ಕಿ ಅಗಿದು ಎದ್ದರು.

ಎರಡೂ ಕಡೆ ಹೇಳಿದ್ದು ಒಂದೇ ಮಾತು. "ಇಲ್ಲಿ ನಿನಗೆ ಜಾಗ ಇಲ್ಲಪ್ಪ."

ಮೂರನೆಯದು ಈ ಆಶ್ರಮ. ನದಿ ಸಮುದ್ರ ಸೇರುವ ಅಳಿವೆಯ ದಂಡೆ, ಎರಡು ಗುಡಿಸಲು, ಒಂದು ಬಾವಿ, ಒಂದು ಹಾಯಿದೋಣಿ. ಗುರುಗಳ ಹೆಸರು ಜಟ್ಟಯ್ಯ. ಎಂಬತ್ತರ ಹತ್ತಿರದವರು, ಹರೆಯದಲ್ಲಿ ದೋಣಿ ನಡೆಸಿದ ತಾಂಡೇಲರು. ಗದಗಿನ ಕಡೆಯ ಚನ್ನವೀರ ತನ್ನೂರಿನ ರೂಢಿಯಂತೆ ಅವರನ್ನು ಅಜ್ಜಾರು ಎನ್ನುತ್ತಿದ್ದ.

ಬಂದು ಮೂರು ವರ್ಷವಾಗಿತ್ತು. ಇನ್ನೂ ಯಾರೂ ಹೋಗು ಎಂದಿರಲಿಲ್ಲ. ಹಾಗೆ ಅಂದುಬಿಟ್ಟರೆ ಮುಂದೆ ಎಲ್ಲಿಗೆ ಹೋಗಬೇಕೋ ಅವನಿಗೆ ತಿಳಿದಿರಲಿಲ್ಲ. ಬೆಳಿಗ್ಗೆ ಎದ್ದಾಗಲೆಲ್ಲ ಇದೊಂದೇ ಹೆದರಿಕೆ.

ಮಳೆಗಾಲದಲ್ಲಿ ದೋಣಿ ದಡದ ಮೇಲಿರುತ್ತಿತ್ತು. ಉಳಿದ ಕಾಲದಲ್ಲಿ ಅಳಿವೆಯ ಬಾಯಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಹಾಯಿ ಕಟ್ಟುವ ಕೂವೆಕಂಬದ ತುದಿಯಲ್ಲಿ ಒಂದು ದೀಪ. ಸಂಜೆ ಮರಳುವ ಮೀನುಗಾರರು ಆ ದೀಪ ನೋಡಿಯೇ ಮರಳಿನ ದಿಬ್ಬ ತಪ್ಪಿಸಿ ಒಳಗೆ ತಿರುಗುತ್ತಿದ್ದರು.

ಉಪ್ಪುಗಾಳಿಗೆ ಕಂಬದೊಳಗಿನ ವೈರು ಹಸಿರುಗಟ್ಟಿ, ದೀಪ ಹತ್ತುವುದನ್ನೇ ಬಿಟ್ಟಿತ್ತು. ನೂಲು ಹುಣ್ಣಿಮೆಗೆ ನಾಲ್ಕೇ ದಿನ. ಅಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ದೋಣಿಗಳು ಹೊರಟರೆ, ಸಂಜೆಗೆ ದೀಪ ಬೇಕೇ ಬೇಕು.

ಕಂಬವನ್ನು ಇಳಿಸಿ ಮರಳಿನ ಮೇಲೆ ಮಲಗಿಸಿದ್ದರು. ಆರು ಆಳುದ್ದದ ಅಲ್ಯೂಮಿನಿಯಂ ಕಂಬ, ಒಳಗೆಲ್ಲ ಟೊಳ್ಳು.

"ಹೊಸ ವೈರು ನೀನು ಹಾಕ್ತೀಯಾ ತಮಾ?" ಗುರುಗಳು ಕೇಳಿದರು.

"ಹನ್ನೆರಡು ವರ್ಷ ಮನೀ ವೈರಿಂಗ್ ಮಾಡೇನ್ರಿ ಅಜ್ಜಾರ. ಇದೇನು ಮಹಾ?"

"ಮನೆ ನಿಂತಲ್ಲೇ ನಿಂತಿರ್ತದೆ. ಇದು ತೇಲ್ತದೆ."

"ವೈರಿಗೇನು ಗೊತ್ತಾಗತೈತ್ರಿ?"

ಗುರುಗಳು ನಕ್ಕರು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮರುದಿನ ಗುರುಗಳು ಏಳುವ ಮೊದಲೇ ಚನ್ನವೀರ ಹಳೆಯ ವೈರನ್ನು ಎಳೆದು ಹಾಕಿದ. ಅದರ ಪಕ್ಕದಲ್ಲೇ ಒಂದು ಕಪ್ಪು ಹುರಿ, ಎರಡೂ ತುದಿಗೆ ಗಂಟು. ಕಸ ಎಂದು ಅದನ್ನೂ ಕತ್ತರಿಸಿ ಎಳೆದ. ಬಚ್ಚಲೊಲೆಗೆ ತುರುಕಿದ. ಕೊಳೆಯದಿರಲೆಂದು ಗೇರೆಣ್ಣೆ ಕುಡಿಸಿದ ಹುರಿ, ಭಗ್ಗನೆ ಹೊತ್ತಿಕೊಂಡಿತು.

ಆಮೇಲೆ ತನ್ನ ಉಕ್ಕಿನ ಸ್ಪ್ರಿಂಗ್ ತೆಗೆದ. ಗೋಡೆಯ ಪೈಪಿನಲ್ಲಿ ಸ್ಪ್ರಿಂಗ್ ತೂರಿಸಿ, ಅದರ ತುದಿಗೆ ವೈರು ಸಿಕ್ಕಿಸಿ ಎಳೆಯುವುದು ಮನೆಯ ಕೆಲಸದವರ ಪದ್ಧತಿ. ಆದರೆ ಗೋಡೆಯ ಪೈಪು ಹೆಬ್ಬೆರಳಿನಷ್ಟು, ಕಂಬದ ಒಳಗೆ ಮೊಣಕೈವರೆಗೆ ಕೈ ಹೋಗುತ್ತದೆ. ಸ್ಪ್ರಿಂಗ್ ಎರಡು ಮಾರು ಹೋಗಿ ಒಳಗೇ ಸುರುಳಿ ಸುತ್ತಿ ಮಲಗಿತು. ನಡುವೆ ಅಡ್ಡಡ್ಡ ಬೋಲ್ಟು ಬೇರೆ. ಆ ಕಡೆಯಿಂದ ತೂರಿಸಿದ, ಈ ಕಡೆಯಿಂದ ತೂರಿಸಿದ. ಬೆವರು ಬಂತು, ವೈರು ಹೋಗಲಿಲ್ಲ.

ಗುರುಗಳು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಬಂದರು.

"ಇವತ್ತು ನೀರು ಚಲೋ ಕಾದಿತ್ತು ಮಾರಾಯ."

"ಒಣ ಹುರಿ ಹಾಕಿದ್ನಿರಿ."

"ಎಂಥ ಹುರಿ?"

"ಕಂಬದಾಗ ಒಂದು ಕರೀ ಹುರಿ ಇತ್ತಲ್ರಿ."

ಗುರುಗಳ ಕೈ ತಲೆಯ ಮೇಲೇ ನಿಂತಿತು. ಅವರು ಮರಳಿನ ಮೇಲೆ ಕುಳಿತರು.

"ನನ್ನ ಗುರುಗಳು ತೊಡೆ ಮೇಲೆ ಹೊಸೆದ ಹುರಿ ಅದು. ವೈರು ಹಾಳಾದ ದಿನ, ಹೊಸದನ್ನ ಅದರ ತುದಿಗೆ ಕಟ್ಟಿ ಎಳೀಲಿ ಅಂತ ಒಳಗೆ ಬಿಟ್ಟು ಹೋಗಿದ್ರು."

"ಯಾರು ಎಳೀಲಿ ಅಂತ್ರಿ?"

"ಮುಂದೆ ಬರುವವನು."

ಚನ್ನವೀರ ಹಿಂತಿರುಗಿ ನೋಡಿದ. ಬಚ್ಚಲ ಮಾಡಿನಿಂದ ಇನ್ನೂ ಎಳೆಯಾಗಿ ಹೊಗೆ ಏಳುತ್ತಿತ್ತು. ಗುರುಗಳೂ ಅದನ್ನೇ ನೋಡುತ್ತಿದ್ದರು.

"ಅವರು ಹೋಗಿ ಹದಿನೆಂಟು ವರ್ಷ ಆಯ್ತು," ಎಂದರು. "ಇವತ್ತು ನನ್ನ ಬೆನ್ನಿಗೆ ನೀರು ಕಾಯಿಸಿ ಕೊಟ್ರು."

ನಗುತ್ತಲೇ ಹೇಳಿದರು. ಕಣ್ಣು ಮಾತ್ರ ಒದ್ದೆಯಾಗಿತ್ತು. ಎರಡು ಏಟು ಹಾಕಿದ್ದರೆ ಚನ್ನವೀರನಿಗೆ ಸಮಾಧಾನವಾಗುತ್ತಿತ್ತು.

ಮುಂದಿನ ಮಾತು ಅವನಿಗೆ ಬಾಯಿಪಾಠ. ಎರಡು ಸಲ ಕೇಳಿದ್ದ. ಮೂರನೆಯ ಸಲ, ಅದೂ ಈ ಬಾಯಿಂದ, ಕೇಳಲಾರೆ ಎನಿಸಿತು. ಗುಡಿಸಲಿಗೆ ಹೋಗಿ ಚೀಲ ಕಟ್ಟಿದ. ಹೊರಡುವುದರಲ್ಲೂ ಅವಸರವೇ.

"ನೀವು ಕಳಸೂದರೊಳಗ ನಾನ ಹೊಂಟೇನ್ರಿ ಅಜ್ಜಾರ."

ಗುರುಗಳು ಚೀಲ ನೋಡಿದರು. "ಅದರಲ್ಲಿ ಎಂಥದು?"

"ಅರಿವಿ. ಒಂದು ಕಂಬಳಿ."

"ಮೆತ್ತಗಿದೆಯಾ?"

"ಹೌದ್ರಿ..."

"ಇತ್ತ ತಾ. ಕಂಬಕ್ಕೆ ದಿಂಬು ಬೇಕಿತ್ತು."

ದಂಡೆಯ ಹೊನ್ನೆಮರದ ಕವಲಿನಲ್ಲಿ ಚೀಲ ಇಟ್ಟರು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಮೀನುಗಾರರು ಕೈಕೊಟ್ಟು, ಕಂಬದ ತಲೆಯನ್ನು ಅದರ ಮೇಲೆ ಒರಗಿಸಿದರು. ಈಗ ಕಂಬ ಇಳಿಜಾರಾಯಿತು, ಚನ್ನವೀರನ ಚೀಲ ಅದರಡಿ ಸಿಕ್ಕಿಕೊಂಡಿತು.

ಗುರುಗಳು ಬೀಸುಬಲೆಯಿಂದ ಒಂದು ಸೀಸದ ಗುಂಡು ಬಿಚ್ಚಿದರು. ತೆಳು ದಾರಕ್ಕೆ ಕಟ್ಟಿ ಶಿಷ್ಯನ ಕೈಗಿಟ್ಟರು. "ಮೇಲಿಂದ ಬಿಡು."

ಗುಂಡು ಸರ್ರನೆ ಜಾರಿ ಟಣ್ ಎಂದು ನಿಂತಿತು. ಬೋಲ್ಟು. ಚನ್ನವೀರ ದಾರವನ್ನು ಜಗ್ಗಿದ.

"ಜಗ್ಗಬೇಡ."

"ಮತ್ತೇನು ಮಾಡ್ಲಿರಿ?"

"ಹಿಡ್ಕೊ. ಸುಮ್ಮನೆ."

ಗುರುಗಳು ಮರಳಿನ ಮೇಲೆ ಮಲಗಿ ಕಂಬಕ್ಕೆ ಕಿವಿ ಹಚ್ಚಿ ಕಣ್ಣು ಮುಚ್ಚಿದರು. ಮೀನುಗಾರರು ಕಂಬವನ್ನು ಕೊಂಚ ಹೊರಳಿಸಿದರು. ಗುಂಡು ಒಳಗೆ ಅಲುಗಿತು.

"ಒಂದು ಬೆರಳು ಬಿಡು. ಸಾಕು. ಮೇಲೆ ತಗೋ. ಈಗ ಬಿಡು."

ಮತ್ತೆ ಟಣ್. ಮತ್ತೆ ಹೊರಳಿಸಿದರು. ಎಷ್ಟು ಸಲ ಎಂದು ಚನ್ನವೀರ ಮೊದಲು ಎಣಿಸಿದ, ಆಮೇಲೆ ಎಣಿಕೆ ತಪ್ಪಿತು, ಆಮೇಲೆ ಎಣಿಸುವುದೇ ಮರೆತುಹೋಯಿತು. ಗಂಜಿ ಆರಿ ತಣ್ಣಗಾಯಿತು. ದಾರ ಬಿಗಿಯಾದರೆ ಗುಂಡು ಸಿಕ್ಕಿಕೊಂಡಿದೆ, ಸಡಿಲವಾದರೆ ಕುಳಿತಿದೆ, ಇವೆರಡರ ನಡುವೆ ಅದು ನಡೆಯುತ್ತದೆ. ಯಾರೂ ಹೇಳಿಕೊಡದೆ ಅವನ ಬೆರಳಿಗೆ ಇದು ತಿಳಿಯಿತು.

ಬಿಸಿಲು ಇಳಿಯುವಾಗ ಗುಂಡು ಜಾರಿ ಬಂದು, ಕಂಬದ ಬುಡದಲ್ಲಿ ಚಾಚಿದ್ದ ಗುರುಗಳ ಅಂಗೈಗೆ ಬಿತ್ತು. ಮುದುಕರು ಬಾಯಿ ತುಂಬ ನಕ್ಕರು.

"ವೈರು ಕಟ್ಟಿ ಎಳದು ಬಿಡ್ಲೇನ್ರಿ?"

"ಇವತ್ತು ಸಾಕು. ಗಂಜಿ ಉಣ್ಣು."

ಬೆಳಿಗ್ಗೆ ಚನ್ನವೀರ ಎದ್ದು ಬಂದಾಗ ಗುರುಗಳು ಜಗಲಿಯ ಮೇಲೆ ಕುಳಿತು ತೊಡೆಯ ಮೇಲೆ ಹತ್ತಿನೂಲು ಹೊಸೆಯುತ್ತಿದ್ದರು. ಪಕ್ಕದಲ್ಲಿ ಗೇರೆಣ್ಣೆಯ ಚಿಪ್ಪು. ಹೊಸೆದ ಹುರಿಯ ಉಂಡೆ ಒಂದಲ್ಲ, ಎರಡು.

"ವೈರಿನ ಸಂಗಡ ಇವನ್ನೂ ಕಟ್ಟಿ ಎಳಿ. ಒಳಗೇ ಉಳೀಲಿ."

ಇಬ್ಬರೂ ಕೂಡಿ ಎಳೆದರು. ಶಿಷ್ಯ ಮೇಲಿನಿಂದ ಮೆಲ್ಲಗೆ ಬಿಟ್ಟ, ಗುರು ಕೆಳಗಿನಿಂದ ಮೆಲ್ಲಗೆ ತೆಗೆದುಕೊಂಡರು. ಕೊನೆಗೆ ಒಂದು ಹುರಿಯ ತುದಿಗಳನ್ನು ಗುರುಗಳು ಕಣ್ಣಿಗೆ ಕಾಣುವಂತೆ ಹೊರಗೇ ಗಂಟು ಹಾಕಿದರು. ಇನ್ನೊಂದರ ತುದಿಗಳನ್ನು ಕೈ ತೂರಿಸಿ ಒಳಗಡೆ, ಯಾರಿಗೂ ಕಾಣದ ಕಡೆ ಕಟ್ಟಿದರು.

ಚನ್ನವೀರನ ನಾಲಗೆಯ ತುದಿಗೆ ಪ್ರಶ್ನೆ ಬಂತು. ಜೀವಮಾನದಲ್ಲಿ ಮೊದಲ ಸಲ ಅವನು ಅದನ್ನು ನುಂಗಿಕೊಂಡ.

ನೂಲು ಹುಣ್ಣಿಮೆಯ ಸಂಜೆ ಅಳಿವೆಯ ಬಾಯಲ್ಲಿ ದೀಪ ಹತ್ತಿತು. ದೂರದಲ್ಲಿ ದೋಣಿಗಳು ಒಂದೊಂದಾಗಿ ಕಂಡವು. ಒಂದೊಂದೂ ದೀಪ ಗುರುತಿಸಿ, ದಿಬ್ಬ ತಪ್ಪಿಸಿ, ಒಳಗೆ ತಿರುಗಿತು. ಗುರುಗಳು ಬೆರಳು ಮಡಚಿ ಎಲ್ಲ ದೋಣಿಗಳೂ ಬಂದವೆಂದು ಖಾತ್ರಿ ಮಾಡಿಕೊಂಡರು.

ಚೀಲ ಇನ್ನೂ ಹೊನ್ನೆಮರದ ಕವಲಿನಲ್ಲೇ ಇತ್ತು. ಚನ್ನವೀರ ಅದನ್ನು ತಂದು, ಕಂಬಳಿ ಬಿಚ್ಚಿ, ಗುರುಗಳ ಹೆಗಲಿಗೆ ಹೊದಿಸಿದ.

"ಅಜ್ಜಾರ, ಈಗ ಕೇಳ್ಲೇನ್ರಿ?"

"ಎರಡು ದಿನ ತಡ್ಕೊಂಡಿದ್ದೀಯ. ಕೇಳು."

"ಮುಂದ ಬರೋನಿಗೆ ಒಂದು ಹುರಿ ಸಾಕಿತ್ತಲ್ರಿ. ಒಂದು ಕಾಣೂವಂಗ, ಒಂದು ಕಾಣದಂಗ, ಎರಡು ಯಾಕ್ರಿ?"

ಗುರುಗಳು ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡರು.

"ಕಾಣೋದನ್ನ ಅವನು ಕಸ ಅಂತ ಒಲೆಗೆ ಹಾಕ್ತಾನೆ ತಮಾ. ಆಗ ನಾನು ಇರೂದಿಲ್ಲ. ನೀನು ಅವನಿಗೆ ಬೈಬೇಡ, ಇನ್ನೊಂದನ್ನ ತೋರಿಸು."