ಎಂಟನೆಯ ಕೋಟೆ

"ಗುರುಗಳೇ, ವಯಸ್ಸಾದಂತೆ ಆಟದ ಸವಿ ಎಲ್ಲಿಗೆ ಹೋಗುತ್ತದೆ?" ಎಂದು ವಿರೂಪಾಕ್ಷ ಕೇಳಿದ.

ಅವನು ಶಾಲೆಯಲ್ಲಿ ಗಣಿತ ಹೇಳುವವನು, ಐವತ್ತರ ಹತ್ತಿರ ಬಂದವನು. ಚಿಕ್ಕವನಿದ್ದಾಗ ವಿಡಿಯೊ ಗೇಮ್ ಸಿಕ್ಕರೆ ಊಟ ಮರೆಯುತ್ತಿದ್ದ. ಈಗ ಕೂತರೆ ಹತ್ತು ನಿಮಿಷದಲ್ಲಿ ಸೋಲು, ಸೋತರೆ ನಾಚಿಕೆ. ಹಾಗಾಗಿ ಆಡುವುದನ್ನೇ ಬಿಟ್ಟಿದ್ದ.

ಗುರುಗಳು ನಗಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ದರ್ಜಿಯಿದ್ದ. ಹೆಸರು ಮಾರ್ತಂಡ. ಹರೆಯದಲ್ಲಿ ಅವನು ಟಿ.ವಿ.ಗೆ ಜೋಡಿಸಿ ಆಡುವ ಒಂದು ವಿಡಿಯೊ ಗೇಮ್ ತಂದಿದ್ದ. ಅದರಲ್ಲೊಬ್ಬ ಪುಟ್ಟ ಸಿಪಾಯಿ. ಅವನು ಕಂದಕಗಳನ್ನು ಹಾರುತ್ತಾ ಎಂಟು ಕೋಟೆಗಳನ್ನು ದಾಟಬೇಕು. ಕೈಯಲ್ಲಿ ಹಿಡಿದ ಗುಂಡಿಪಟ್ಟಿಯ ಮೇಲೆ ಎಡಗೈ ಹೆಬ್ಬೆರಳು ಅವನನ್ನು ನಡೆಸುತ್ತದೆ, ಬಲಗೈ ಹೆಬ್ಬೆರಳು ಹಾರಿಸುತ್ತದೆ. ಆಟ ಅಷ್ಟೇ. ಮಾರ್ತಂಡ ಎಂಟೂ ಕೋಟೆಗಳನ್ನು ಅರ್ಧ ಗಂಟೆಯಲ್ಲಿ ದಾಟುತ್ತಿದ್ದ. ಗೆದ್ದ ಮೇಲೆ ಟಿ.ವಿ. ಆರಿಸಿ ಹೊಲಿಗೆಗೆ ಕೂರುತ್ತಿದ್ದ. ಯಾರಿಗೂ ಹೇಳುತ್ತಿರಲಿಲ್ಲ. ಹೆಂಡತಿ ನೀಲವ್ವ ಆ ಆಟವನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅವನೂ ಬಾ ಎಂದಿರಲಿಲ್ಲ.

ವರ್ಷಗಟ್ಟಲೆ ಕತ್ತರಿ ಹಿಡಿದ ಬಲಗೈಯ ಹೆಬ್ಬೆರಳು ಅರವತ್ತಕ್ಕೆ ಸೆಟೆದುಕೊಂಡಿತು. ಬಟ್ಟೆ ಕತ್ತರಿಸುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ. ಬಿಡುವು ಸಿಕ್ಕಿತಲ್ಲ ಎಂದು ಹಳೆಯ ಆಟವನ್ನು ಅಟ್ಟದಿಂದ ಇಳಿಸಿದ. ಸಿಪಾಯಿ ಮೊದಲ ಕಂದಕದಲ್ಲೇ ಬಿದ್ದ. ಮತ್ತೆ ಎದ್ದ, ಮತ್ತೆ ಬಿದ್ದ. ಎಲ್ಲಿ ಹಾರಬೇಕೆಂದು ಕಣ್ಣಿಗೆ ಗೊತ್ತಿತ್ತು. ಬೆರಳು ಹಿಂದೆ ಉಳಿಯುತ್ತಿತ್ತು. ನಾಲ್ಕನೆಯ ದಿನ ಅವನು ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದ. ಇನ್ನು ಇದು ನನ್ನದಲ್ಲ ಎಂದುಕೊಂಡ.

ನೀಲವ್ವ ಬಂದು ಗಂಟು ಬಿಚ್ಚಿದಳು. ಪಕ್ಕದಲ್ಲಿ ಕೂತಳು.

"ನಡೆಸುವುದು ನೀವು. ಹಾರಿಸುವುದು ನನಗಿರಲಿ," ಎಂದಳು.

"ಯಾವಾಗ ಹಾರಿಸಬೇಕೆಂದು ನಿನಗೆ ತಿಳಿಯುವುದಿಲ್ಲ."

"ಹೇಳಿಕೊಡಿ."

ಹೇಳಿಕೊಡುವುದು ಸುಲಭವಾಗಲಿಲ್ಲ. ಇಷ್ಟು ವರ್ಷ ಬೆರಳಿನಲ್ಲಿದ್ದುದನ್ನು ಅವನು ಬಾಯಿಗೆ ತರಬೇಕಿತ್ತು. 'ಹಾರಿಸು' ಎನ್ನುವಷ್ಟರಲ್ಲಿ ಸಿಪಾಯಿ ಕಂದಕದ ತಳ ಸೇರಿರುತ್ತಿದ್ದ. ಮೊದಲ ವಾರ ಮಾರ್ತಂಡ ರೇಗಿದ. ಎರಡನೆಯ ವಾರ ಅವಳೂ ರೇಗಿದಳು. ಒಂದು ದಿನ ಇಬ್ಬರೂ ಮುಖ ಊದಿಸಿಕೊಂಡು ಮಾತಿಲ್ಲದೆ ಆಡಿದರು. ಅಂದೇ ಮೊದಲ ಕೋಟೆ ದಾಟಿದರು. ಆಮೇಲೆ ಅವನು ಹೇಳುವುದು ಕಡಿಮೆಯಾಯಿತು. ಅವನ ಹೆಬ್ಬೆರಳು ತುಸು ತಡೆದರೆ ಸಾಕು, ಮುಂದೆ ಕಂದಕವಿದೆ ಎಂದು ಅವಳು ತಿಳಿಯುತ್ತಿದ್ದಳು. ಒಂದೊಂದು ಕೋಟೆಗೆ ಒಂದೊಂದು ತಿಂಗಳು ಹಿಡಿಯಿತು. ಏಳನೆಯದರಲ್ಲಿ ಅವನು ಸುಮ್ಮನಿದ್ದ ಕಡೆ ಅವಳು ಹಾರಿಸಿದಳು. ಸಿಪಾಯಿ ಹೋಗಿ ಒಂದು ಮೆಟ್ಟಿಲ ಮೇಲೆ ನಿಂತ. ಅಲ್ಲೊಂದು ಮೆಟ್ಟಿಲಿದೆ ಎಂದು ಮಾರ್ತಂಡನಿಗೆ ಅಂದಿನವರೆಗೂ ಗೊತ್ತಿರಲಿಲ್ಲ.

ಎಂಟನೆಯ ಕೋಟೆ ದಾಟಿದ ಮಧ್ಯಾಹ್ನ ಅವನು ಬಾಗಿಲಿಗೆ ಬಂದ. ಎದುರುಮನೆಯವರನ್ನು ಕೂಗಿದ. ದಾರಿಯಲ್ಲಿ ಹೋಗುತ್ತಿದ್ದ ಅಂಚೆಯವನನ್ನೂ ನಿಲ್ಲಿಸಿದ. ಎಲ್ಲರನ್ನೂ ಒಳಗೆ ಕರೆತಂದು, ಎದೆಯುಬ್ಬಿಸಿ, "ನೋಡಿ," ಎಂದ. ಹರೆಯದಲ್ಲಿ ಅಷ್ಟು ಸಲ ಗೆದ್ದವನು ಒಮ್ಮೆಯೂ ಅಷ್ಟು ಹೆಮ್ಮೆಪಟ್ಟಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ವಿರೂಪಾಕ್ಷ ಲೆಕ್ಕ ಹಾಕಿದ.

"ಅರ್ಧ ಗಂಟೆಯ ಆಟಕ್ಕೆ ಎಂಟು ತಿಂಗಳು, ಗುರುಗಳೇ. ಅದರಲ್ಲೂ ಅರ್ಧ ಆಟ ಹೆಂಡತಿಯದು. ತನ್ನ ಬಗ್ಗೆ ಅವನಿಗೆ ಅಷ್ಟೊಂದು ಹೆಮ್ಮೆ ಸರಿಯೇ?"

"ತನ್ನ ಬಗ್ಗೆ ಎಂದು ನಾನು ಹೇಳಲಿಲ್ಲವಲ್ಲ," ಎಂದರು ಗುರುಗಳು.