ಬೀಗರ ಫೋನಿಗೆ ಚಾರ್ಜ್ ಏರಿದ ಬಗೆ

ಮದುವೆ ಛತ್ರದಲ್ಲಿ ಊಟಕ್ಕೆ ಎಲೆ ಹಾಕಿಯಾಗಿತ್ತು. ವರನ ಸೋದರಮಾವ ನಿಂಗೇಗೌಡರು ಮಾತ್ರ ಗೋಡೆಯ ಪಕ್ಕ ನಿಂತು ಕೂಗಾಡುತ್ತಿದ್ದರು.

“ನನ್ನ ಫೋನು ಚಾರ್ಜ್ ಆಗ್ತಿಲ್ಲ! ಇದು ಸರಿಹೋಗೋವರೆಗೂ ನಮ್ಮ ಕಡೆಯೋರು ಯಾರೂ ಎಲೆ ಮುಂದೆ ಕೂರಲ್ಲ. ಫೋನನ್ನ ಮಾತ್ರ ಯಾರೂ ಮುಟ್ಟಕೂಡದು!”

ಹುಡುಗಿಯ ಅಪ್ಪ ಬೆವೆತುಹೋದ. ನೀರು ಬಡಿಸುವ ಹೆಂಗಸು ಬಂದು ಇಣುಕಿ ನೋಡಿದಳು. ಚಾರ್ಜರ್ ಸಿಕ್ಕಿಸಿದ್ದಾರೆ, ಸ್ವಿಚ್ಚೇ ಹಾಕಿಲ್ಲ. ಹಾಗಂತ ನಾಲ್ಕು ಜನರೆದುರು ಹೇಳಿದರೆ ಬೀಗರು ದಿಬ್ಬಣದ ಬಸ್ಸು ಹತ್ತಿಬಿಡುತ್ತಾರೆ.

“ಯಜಮಾನ್ರೇ, ಯಾರೂ ಮುಟ್ಟೋದು ಬೇಡ. ನಿಮ್ಮಂಥ ದೊಡ್ಡೋರು ಕಣ್ಣು ಮುಚ್ಕೊಂಡು ಮನೆದೇವರನ್ನ ನೆನೆದ್ರೆ ಸಾಕು,” ಅಂದಳು.

ದೊಡ್ಡೋರು ಅಂದಮೇಲೆ ಕೇಳಬೇಕೆ? ಗೌಡರು ಕಣ್ಣು ಮುಚ್ಚಿದರು. ಅವಳು ಕೈಲಿದ್ದ ಸ್ಟೀಲ್ ಲೋಟವನ್ನು ಠಣ್ ಅಂತ ಬೀಳಿಸಿ, ಎಲ್ಲರ ಕಣ್ಣು ಅತ್ತ ತಿರುಗಿದಾಗ ಆ ಸದ್ದಿನಲ್ಲೇ ಸ್ವಿಚ್ಚು ಒತ್ತಿದಳು.

ಫೋನು ಬೆಳಗಿತು. ಗೌಡರ ಮುಖ ಅದಕ್ಕಿಂತ ಬೆಳಗಿತು. ಪಾಯಸ ಮುಗಿಯುವಷ್ಟರಲ್ಲಿ ತಮ್ಮ ಪವಾಡದ ಸುದ್ದಿಯನ್ನು ಅವರೇ ಪಂಕ್ತಿಗೆಲ್ಲ ಬಡಿಸಿದ್ದರು.

ಆಗ ಕರೆಂಟು ಹೋಯಿತು.

ಚಾರ್ಜಿಗೆ ಹಾಕಿದ್ದ ಫೋನುಗಳನ್ನು ಕಿತ್ತುಕೊಂಡು ನೆಂಟರೆಲ್ಲ ಗೌಡರನ್ನು ಮುತ್ತಿಕೊಂಡರು. “ನಮ್ದಕ್ಕೂ ಸ್ವಲ್ಪ ನೆನೀರಿ ಮಾವ!”

ಗೌಡರು ಕಣ್ಣು ಮುಚ್ಚಿದರು, ಬಿಟ್ಟರು, ಇನ್ನೂ ಬಿಗಿಯಾಗಿ ಮುಚ್ಚಿದರು. ಒಂದು ಫೋನಿಗೂ ಚಾರ್ಜ್ ಏರಲಿಲ್ಲ. ಕೊನೆಗೆ, “ಏನಮ್ಮಾ ಇದು?” ಎಂದು ಅವಳನ್ನೇ ಕೂಗಿದರು.

ಅವಳು ಅವರ ಲೋಟಕ್ಕೆ ನೀರು ಬಗ್ಗಿಸುತ್ತ ಹೇಳಿದಳು: “ಯಜಮಾನ್ರೇ, ಈ ಸಲ ನೀವು ಕಣ್ಣು ಮುಚ್ಚಿದ್ರೆ ಸಾಲ್ದು. ಲೈನ್‌ಮನ್ನು ಕಣ್ಣು ಬಿಡ್ಬೇಕು.”