ರುಚಿ ಕಳಕೊಂಡ ಸೂಸಮ್ಮ

ಬಾ ಸೆಲೀನ, ಕಾಲು ಒಳಗೆಳ್ಕೊ, ಕಂಬಳಿ ಹೊದ್ಕೊ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ಇನ್ನೂ ಲಂಗ ಉಟ್ಕೊಂಡು ಕುಣೀತಿದ್ದ ಕಾಲದಲ್ಲಿ, ಹೊಳೆ ಆಚೆ ದಡದಲ್ಲಿ ಒಂದು ಕ್ರೈಸ್ತರ ಊರಿತ್ತಂತೆ. ಆ ಊರಲ್ಲಿ ಸೂಸಮ್ಮ ಅಂತ ಒಬ್ಬ ಹೆಂಗಸು, ಅಡುಗೇಲಿ ಅವಳನ್ನ ಮೀರಿಸೋರೇ ಇರ್ಲಿಲ್ಲಂತೆ. ಮದುವೆಗೂ ಅವಳೇ, ನಾಮಕರಣಕ್ಕೂ ಅವಳೇ, ಯೇಸುಸ್ವಾಮಿ ಎದ್ದು ಬಂದ ಪಾಸ್ಕ ಹಬ್ಬದ ದಿನ ಊರಿಗೆಲ್ಲ ಬೇಯಿಸಿ ಹಾಕೋಳೂ ಅವಳೇ.

ಒಂದು ವರ್ಷ ಏನಾಯ್ತಂತೆ, ಪಾಸ್ಕಕ್ಕೆ ಮುಂಚೆ ಉಪವಾಸ ಹಿಡಿಯೋ ತಪಸ್ಸು ಕಾಲ ಶುರುವಾಗೋ ಹಿಂದಿನ ದಿನ ಸಾರು ಕುದೀತಿತ್ತು, ಇವಳು ಸೌಟಿಂದ ಅಂಗೈಗೆ ಒಂದು ತೊಟ್ಟು ಬಿಟ್ಕೊಂಡು ನೆಕ್ಕಿದ್ಲು, ಏನೂ ಗೊತ್ತಾಗ್ಲಿಲ್ಲಂತೆ! ಬಿಸಿನೀರು ಕುಡಿದ ಹಾಗೆ. ಆಮೇಲೆ ನಿಂಬೆಹಣ್ಣು ಕಚ್ಚಿದ್ಲು, ಹುಳಿ ಇಲ್ಲ. ಬೇವಿನ ಸೊಪ್ಪು ಅಗಿದ್ಲು, ಕಹಿ ಇಲ್ಲ. ಬೆಲ್ಲದ ಅಚ್ಚನ್ನೇ ಬಾಯಿಗೆ ತುರುಕ್ಕೊಂಡ್ಲು, ಮಣ್ಣು ಹೆಂಟೆ ಇದ್ದಂಗಿತ್ತಂತೆ. ಗಂಡ ರಾಯಪ್ಪನ್ನ ಕೇಳಿದ್ರೆ, ಪಾಪ ಅವನು ಹೆದರಿಕೊಂಡು, ಎಲ್ಲಾ ಚೆನ್ನಾಗದೆ ಕಣಮ್ಮಿ ಅನ್ನೋದು, ಕದ್ದು ಕದ್ದು ನೀರು ಕುಡಿಯೋದು. ಪಾಸ್ಕಕ್ಕೆ ಇನ್ನು ನಲವತ್ತೇ ದಿನ, ಊರ ಮುಂದೆ ಮಾನ ಹೋಗುತ್ತಲ್ಲಪ್ಪ ಅಂತ ಸೂಸಮ್ಮಂಗೆ ಒಂದೇ ಚಿಂತೆ.

ಮಾರನೇ ದಿನ ಬೂದಿ ಬುಧವಾರ. ಹಣೆಗೆ ಬೂದಿ ಇಡಿಸ್ಕೊಂಡು, ಜನ ಎಲ್ಲಾ ಹೋಗೋ ತನಕ ಕಾದು, ಯೇಸುಸ್ವಾಮಿ ಗುಡಿಯ ಮುದುಕ ಪಾದ್ರಿ ಸ್ವಾಮೇರ ಹತ್ರ ಹೇಳ್ಕೊಂಡ್ಲಂತೆ. ಅವರು ಗಡ್ಡ ಕೆರ್ಕೊಂಡು, ಶುಕ್ರವಾರ ಒಂದು ಹೊತ್ತು ಉಪವಾಸ ಇರ್ತೀಯಲ್ಲ, ಆ ಬಿಟ್ಟ ಊಟನ ಯಾರಿಗಾದ್ರೂ ತಗೊಂಡು ಹೋಗು, ಆದ್ರೆ ಕೊಟ್ಟು ಓಡಿ ಬರಬೇಡ, ಉಂಡು ಮುಗಿಸೋ ತನಕ ಪಕ್ಕದಲ್ಲೇ ಕೂತಿರು ಅಂದ್ರಂತೆ. ಕೂತು ಏನ್ ಮಾಡ್ಲಿ ಸ್ವಾಮೇರೆ ಅಂದ್ಲು. ನೋಡ್ತಾ ಕೂತ್ಕೊ, ಅಷ್ಟೇ ಅಂದ್ರು. ಇದೆಂಥಾ ಮದ್ದಪ್ಪ, ಅವರು ಉಂಡ್ರೆ ನನ್ನ ನಾಲಿಗೆ ಹೆಂಗೆ ಸರಿಹೋಗುತ್ತೆ ಅಂತ ಇವಳಿಗೆ ದಾರಿಯುದ್ದಕ್ಕೂ ಅದೇ ಯೋಚನೆ.

ಮೊದಲ್ನೇ ಶುಕ್ರವಾರ ಕುರಿ ಕಾಯೋ ಅಂತೋಣಿ ತಾತನ ಹಟ್ಟಿಗೆ ಹೋದ್ಲು. ತಾತಂಗೆ ಹಲ್ಲಿಲ್ಲ. ಒಂದೊಂದು ತುತ್ತು ಮುದ್ದೆನೂ ಬಾಯಲ್ಲಿ ಈ ಕಡೆಯಿಂದ ಆ ಕಡೆ ಉರುಳಿಸ್ತಾ ನುಂಗಿದ್ನಂತೆ. ಸೂಸಮ್ಮಂಗೆ ಕೂತಲ್ಲೇ ಚಡಪಡಿಕೆ. ಮುದ್ದೆ ಗಟ್ಟಿಯಾಯ್ತಾ ತಾತ ಅಂದ್ಲು. ಹತ್ತು ವರ್ಷದಿಂದ ಗಟ್ಟಿನೇ ಕಣವ್ವ, ಕೇಳ್ದೋಳು ನೀನೇ ಮೊದಲು ಅಂದನಂತೆ. ಅವತ್ತು ಮನೆಗೆ ನಡ್ಕೊಂಡು ಬರ್ತಾ ಸೂಸಮ್ಮಂಗೆ ಹೊಟ್ಟೆ ಚುರುಗುಟ್ಟಿತಂತೆ. ನಾಲಿಗೆ ಕೆಟ್ಟಾಗಿಂದ ಅವಳಿಗೆ ಹಸಿವು ಅನ್ನೋದೇ ಆಗಿರ್ಲಿಲ್ಲ ನೋಡು.

ಆಮೇಲಿನ ಶುಕ್ರವಾರ ತಾತಂಗೆ ಅಂಬಲಿ ಕಳಿಸಿ, ತಾನು ಬಾಣಂತಿ ಜ್ಞಾನಮ್ಮನ ಮನೆಗೆ ಹೋದ್ಲು. ಉಣ್ಣೋಕೆ ಕೈ ಬಿಡುವಿಲ್ಲ ಅಂದ್ಲಂತೆ ಜ್ಞಾನಮ್ಮ. ಹಂಗಾದ್ರೆ ಕೊಡಿಲ್ಲಿ ಅಂತ ಸೂಸಮ್ಮ ಕೂಸನ್ನ ಎತ್ಕೊಂಡ್ಲು. ಅದು ಇವಳ ಮೂಗುಬಟ್ಟನ್ನೇ ಹಿಡ್ಕೊಂಡು ಎಳೀತು, ಬಿಡಿಸ್ಕೊಳ್ಳೋಕೆ ಬಗ್ಗಿದ್ರೆ, ಅದರ ನೆತ್ತಿಯಿಂದ ಹಾಲಿನ ವಾಸನೆ ಘಮ್ ಅಂತಂತೆ! ರುಚಿ ಜೊತೆ ಅವಳಿಗೆ ವಾಸನೇನೂ ಹೋಗಿತ್ತು ನೋಡು. ಮನೆಗೆ ಬಂದು ಸಾಸಿವೆ ಡಬ್ಬಿ, ಇಂಗಿನ ಡಬ್ಬಿ, ರಾಯಪ್ಪನ ಬೆವರಿನ ಅಂಗಿ, ಎಲ್ಲಾ ಮೂಸಿ ಮೂಸಿ ನೋಡಿ ಒಬ್ಬಳೇ ನಕ್ಕಳಂತೆ.

ನಾಲಿಗೆ ಮಾತ್ರ ಹಂಗೇ. ಶುಕ್ರವಾರಗಳು ಕಳೆದ್ವು, ಒಂದೊಂದೇ ಮನೆ ಆಯ್ತು, ಯೇಸುಸ್ವಾಮಿ ಶಿಲುಬೇಲಿ ಪ್ರಾಣ ಬಿಟ್ಟ ಶುಭ ಶುಕ್ರವಾರನೂ ಬಂತು. ಇನ್ನ್ಯಾರ ಮನೆಗೆ ಹೋಗ್ಲಿ ಸ್ವಾಮೇರೆ ಅಂದ್ರೆ, ಅವರು, ಹೋಗದೇ ಇರೋ ಮನೆ ಯಾವುದು ಅಂತ ನಿಂಗೇ ಗೊತ್ತಲ್ಲ ಅಂದ್ರಂತೆ.

ಗೊತ್ತಿತ್ತು. ಎದುರು ಮನೆ. ಸ್ವಂತ ತಂಗಿ ಮಾದಲಮ್ಮಂದು.

ಯಾಕೆ ಹೋಗಿರ್ಲಿಲ್ಲ ಅಂತೀಯಾ? ಅವರವ್ವ ತೀರ್ಕೊಂಡಾಗ ಬೀಸೋ ಕಲ್ಲು ನಂಗೆ ನಂಗೆ ಅಂತ ಜಗಳ ಆಗಿ, ಮೇಲಿನ ಕಲ್ಲು ಅಕ್ಕ ಹೊತ್ಕೊಂಡು ಹೋದ್ಲು, ಕೆಳಗಿನ ಕಲ್ಲು ತಂಗಿ ಇಟ್ಕೊಂಡ್ಲು. ಒಂಬತ್ತು ವರ್ಷ ಇಬ್ಬರೂ ಬೀಸ್ಲಿಲ್ಲ, ಇಬ್ಬರೂ ಮಾತಾಡ್ಲಿಲ್ಲ.

ಸೂಸಮ್ಮ ಗಂಜಿ ಮಡಕೆ ಹಿಡ್ಕೊಂಡು ಬೀದಿ ದಾಟಿದ್ಲು. ಅಷ್ಟಗಲ ಬೀದಿ, ದಾಟೋಕೆ ಹೊಳೆ ದಾಟಿದಷ್ಟು ಹೊತ್ತಾಯ್ತಂತೆ. ಮಾದಲಮ್ಮ ಬಾಗಿಲಲ್ಲೇ ನಿಂತು, ಏನು ಅಂದ್ಲು. ಗಂಜಿ ಅಂದ್ಲು ಸೂಸಮ್ಮ. ನಂಗೂ ಇವತ್ತು ಉಪವಾಸ, ಗೊತ್ತಿಲ್ವಾ ಅಂದ್ಲು ತಂಗಿ. ಗೊತ್ತು ಅಂತ ಸೂಸಮ್ಮ ಮಡಕೆನ ಹೊಸ್ತಿಲ ಮೇಲಿಟ್ಲಂತೆ. ಅವತ್ತು ಅವ್ವನ ಕಲ್ಲನ್ನ ನಿನ್ನ ಕೇಳ್ದೆ ಎತ್ಕೊಂಡು ಹೋದೆ, ನಂದೇ ತಪ್ಪು ಕಣೆ ಅಂದ್ಲಂತೆ.

ಮಾದಲಮ್ಮ ಬಾಗಿಲಿಂದ ಪಕ್ಕಕ್ಕೆ ಸರಿದು, ಒಳಗೆ ಬಾರಕ್ಕ, ಗುಡೀಲಿ ಮಧ್ಯಾಹ್ನ ಮೂರು ಗಂಟೆ ಪ್ರಾರ್ಥನೆ ಮುಗಿಸ್ಕೊಂಡು ಬಂದು ಇಬ್ಬರೂ ಒಂದೇ ತಟ್ಟೇಲಿ ಕುಡಿಯೋಣ ಅಂದ್ಲಂತೆ.

ಗುಡಿಯಿಂದ ಬಂದು ಕೂತ್ರು. ಮಾದಲಮ್ಮ ಒಂದು ಗುಟುಕು ಕುಡಿದು, ಥೂ, ಇದಕ್ಕೆ ಉಪ್ಪೇ ಇಲ್ವಲ್ಲೇ ಅಂತ ಒಂದು ಹಿಡಿ ಹಾಕಿದ್ಲು. ಕಣ್ಣಲ್ಲಿ ನೀರು ತುಂಬ್ಕೊಂಡಿತ್ತಲ್ಲ, ಹಾಕಿದ್ದು ಮರೆತು ಇನ್ನೊಂದು ಹಿಡಿ ಹಾಕಿದ್ಲು. ಆಮೇಲೆ ಸೂಸಮ್ಮ ಕುಡಿದ್ಲು. ಕುಡಿದೋಳೇ ಮುಖ ಕಿವುಚ್ಕೊಂಡು, ಅಯ್ಯಯ್ಯೋ ಉಪ್ಪು! ಮಾದಲೂ, ಉಪ್ಪು ಜಾಸ್ತಿ ಕಣೆ, ಬಾಯಿಗಿಡೋಕಾಗಲ್ಲ ಅಂತ ಕೂಗ್ತಾ ಕೂಗ್ತಾ ತಂಗೀನ ತಬ್ಬಿಕೊಂಡು ಅತ್ಲಂತೆ, ನಕ್ಕಳಂತೆ, ಮತ್ತೆ ಅದನ್ನೇ ಗಟಗಟ ಕುಡಿದ್ಲಂತೆ. ಇವಳಿಗೇನು ಹುಚ್ಚಾ ಅಂತ ಮಾದಲಮ್ಮ ನೋಡ್ತಾನೇ ಇದ್ಲು.

ಶನಿವಾರ ಬೆಳಿಗ್ಗೆ ಕಲ್ಲಿನ ಮೇಲೆ ಕಲ್ಲು ಕೂತ್ಕೊಂಡು ಗರಗರ ಅಂತು. ಪಾಸ್ಕದ ದಿನ ಗುಡಿ ಗಂಟೆ ಬಾರಿಸೋ ಹೊತ್ತಿಗೆ ಅಂಗಳದ ತುಂಬಾ ಜನ, ಕುರಿ ಸಾರು ಕುದೀತಿದೆ, ಕಜ್ಜಾಯ ಬೇಯ್ತಿದೆ, ಅಂತೋಣಿ ತಾತ ಕಜ್ಜಾಯನ ಹಾಲಲ್ಲಿ ಅದ್ದಿ ಅದ್ದಿ ತಿಂದನಂತೆ. ಒಲೆ ಮುಂದೆ ಮಾತ್ರ ಭಾರಿ ಗಲಾಟೆ. ಬೆಲ್ಲ ಸಾಲ್ದು ಅಂತ ಅಕ್ಕ, ಸಾಕು ಸುಮ್ನಿರೇ ಅಂತ ತಂಗಿ. ಸ್ವಾಮೇರು ಬಂದು, ಏನಮ್ಮ, ಮತ್ತೆ ಜಗಳಾನಾ ಅಂದ್ರು. ಹೂಂ ಸ್ವಾಮೇರೆ, ಒಂಬತ್ತು ವರ್ಷದ್ದು ಬಾಕಿ ಇದೆ, ನೀವು ಕೂತ್ಕೊಂಡು ಊಟ ಮಾಡಿ ಅಂತ ಇಬ್ಬರೂ ಒಟ್ಟಿಗೇ ಅಂದು, ಅವರ ಒಂದೇ ತಟ್ಟೇಗೆ ಇಬ್ಬರೂ ಬಡಿಸಿದ್ರಂತೆ.

ಇಷ್ಟೇ ಮಗಳೆ, ಕತೆ ಮುಗೀತು, ಊರೋರ ಹೊಟ್ಟೆನೂ ತುಂಬ್ತು. ಮಲ್ಕೊ ಈಗ.